ಗುರುವಾರ ಆಡಿಟರ್ ಆಫೀಸಲ್ಲಿ ರಿಸೆಪ್ಷನಿಸ್ಟ್ ಇಂಟರ್‌ವ್ಯೂ, ಎಂತ ಕೇಳ್ತಾರೆ?

ತುಂಗೆ ದಂಡೆ · ಸೋಮವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿಯಿಂದ ಇನ್ನೂ ಒಳಗೆ. ಬಿ.ಕಾಂ ಮುಗಿದು ಒಂದೂವರೆ ವರ್ಷ ಆಯ್ತು. ಅಮ್ಮಂಗೆ ಆಪರೇಷನ್ ಆಗಿದ್ರಿಂದ ಮನೇಲೇ ಇದ್ದೆ. ಗುರುವಾರ ಬೆಳಿಗ್ಗೆ 11ಕ್ಕೆ ಶಿವಮೊಗ್ಗದಲ್ಲಿ ಒಂದು ಆಡಿಟರ್ ಆಫೀಸಿಗೆ ರಿಸೆಪ್ಷನಿಸ್ಟ್ ಕೆಲಸಕ್ಕೆ ಕರೆದಿದಾರೆ. ದುರ್ಗಿಗುಡಿ ಹತ್ರ. ಫೋನಲ್ಲಿ ಹೇಳಿದ್ದು ಇಷ್ಟೇ: "ರೆಸ್ಯೂಮೆ ತನ್ನಿ, ಕಂಪ್ಯೂಟರ್ ಸ್ವಲ್ಪ ನೋಡ್ತೀವಿ." ಟ್ಯಾಲಿ ಬರುತ್ತೆ, ಎಕ್ಸೆಲ್ ಸುಮಾರಾಗಿ ಬರುತ್ತೆ. ಇಂಗ್ಲಿಷ್ ಓದ್ತೀನಿ, ಬರೀತೀನಿ, ಮಾತಾಡಕ್ಕೆ ಹೋದ್ರೆ ಗಂಟಲು ಕಟ್ಟುತ್ತೆ. ಇದು ನನ್ನ ಮೊದಲನೇ ಇಂಟರ್‌ವ್ಯೂ. ಯೂಟ್ಯೂಬ್ ನೋಡಿದ್ರೆ ಎಲ್ಲರೂ ಬೆಂಗಳೂರಿನ ಗಾಜಿನ ಕಟ್ಟಡದ್ದೇ ಹೇಳ್ತಾರೆ. ನಮ್ಮ ಶಿವಮೊಗ್ಗದಲ್ಲಿ ಎಂತ ಕೇಳ್ತಾರೆ ಅಂತ ಗೊತ್ತಿದ್ದವರು ಹೇಳಿ ಮಾರಾಯ್ರೆ.

ಗಾಜನೂರು ಗೇಟು · ಸೋಮವಾರ ರಾತ್ರಿ 8:52

ಮೊದಲನೇ ಪ್ರಶ್ನೆ: "ಯಾವ ಊರು?" ಎರಡನೇದು: "ಅಲ್ಲಿ ಯಾರ ಮನೆ?" ಮೂರನೇದು: "ಓ, ಹಂಗಾರೆ ಇಂಥವರು ನಿಮಗೆ ಎಂತ ಆಗ್ಬೇಕು?" ಅಷ್ಟೊತ್ತಿಗೆ ಕಾಫಿ ಬರುತ್ತೆ, ಇಂಟರ್‌ವ್ಯೂ ಮುಗೀತು.

ಸಾಗರದ ಸೊಸೆ · ಸೋಮವಾರ ರಾತ್ರಿ 9:05

ಅಣ್ಣನ ತಮಾಷೆ ಬಿಡಿ. ತಂಗಿ, "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಕೇಳೇ ಕೇಳ್ತಾರೆ. ಹತ್ತು ಸಾಲು ಇಂಗ್ಲಿಷಲ್ಲಿ ಬರ್ಕೊಂಡು ಬಾಯಿಪಾಠ ಮಾಡು. ನಾನು ಮೂರು ಕಡೆ ಹಂಗೇ ಹೇಳಿದೀನಿ.

ಮಂಡಗದ್ದೆ ಹಕ್ಕಿ · ಸೋಮವಾರ ರಾತ್ರಿ 9:11

ಮೂರು ಕಡೆ ಹೇಳಿ ಎಷ್ಟು ಕಡೆ ಸಿಕ್ತು ಅಂತಲೂ ಹೇಳಿ ಅಕ್ಕ 😄

ಸಾಗರದ ಸೊಸೆ · ಸೋಮವಾರ ರಾತ್ರಿ 9:14

ಒಂದು ಕಡೆ. ಅದೂ ಅವರು ಕನ್ನಡದಲ್ಲೇ ಮಾತಾಡಿದ ಕಡೆ. ಸರಿ, ಸೋತೆ.

ಕೌಂಟರ್ ಅಕ್ಕ · ಸೋಮವಾರ ರಾತ್ರಿ 9:48

ನಾನು ಹನ್ನೊಂದು ವರ್ಷದಿಂದ ಕೌಂಟರಲ್ಲೇ ಕೂತವಳು. ಮೊದಲು ಕುವೆಂಪು ರಸ್ತೆ ಕಡೆ ಒಂದು ನರ್ಸಿಂಗ್ ಹೋಮು, ಆಮೇಲೆ ಒಬ್ಬ ಇಂಜಿನಿಯರ್ ಆಫೀಸು, ಈಗ ಐದು ವರ್ಷದಿಂದ ಆಡಿಟರ್ ಹತ್ರ. ಬೇರೆ ಆಫೀಸಿನ ರಿಸೆಪ್ಷನ್ನಿಗೂ ಆಡಿಟರ್ ಆಫೀಸಿನದ್ದಕ್ಕೂ ವ್ಯತ್ಯಾಸ ಇದೆ, ಹಾಗಾಗಿ ಉದ್ದ ಬರೀತೀನಿ.

ಇಲ್ಲಿ ಕೆಲಸ ತಾರೀಖಿನ ಮೇಲೆ ನಡೆಯುತ್ತೆ. ಪ್ರತಿ ತಿಂಗಳು 11ರ ಸುತ್ತಮುತ್ತ ಜಿಎಸ್‌ಟಿಆರ್-1, 20ರ ಹತ್ರ 3ಬಿ, ಎರಡೂ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನು. ಆ ದಿನಗಳಲ್ಲಿ ಫೋನು ಕೆಳಗಿಡಕ್ಕೆ ಬಿಡಲ್ಲ. ಸಂಬಳದಾರರ ಆದಾಯ ತೆರಿಗೆ ರಿಟರ್ನಿಗೆ ಕೊನೇ ದಿನ ಸಾಮಾನ್ಯವಾಗಿ ಜುಲೈ 31. ನಿಂಗೆ ಜೂನ್ ಕೊನೇಲಿ ಇಂಟರ್‌ವ್ಯೂ ಇಟ್ಟಿದಾರೆ ಅಂದ್ರೆ ಯಾಕೆ ಅಂತ ಗೊತ್ತಾಯ್ತಲ್ಲ? ಜುಲೈಗೆ ಜನ ಬೇಕು. ನೀನು ಹೋಗಿ "ಜುಲೈ 31ರ ಗಡಿಬಿಡಿ ಇರುತ್ತಲ್ಲ ಸರ್, ಆ ತಿಂಗಳು ಸಂಜೆ ಎಷ್ಟೊತ್ತಿನವರೆಗೆ ಇರ್ಬೇಕಾಗುತ್ತೆ?" ಅಂತ ಕೇಳಿದ್ರೆ, ಈ ಹುಡುಗಿ ಕೆಲಸ ಏನು ಅಂತ ತಿಳ್ಕೊಂಡೇ ಬಂದಿದಾಳೆ ಅನ್ಸುತ್ತೆ. ಹತ್ತು ಸಾಲು ಇಂಗ್ಲಿಷ್ ಬಾಯಿಪಾಠ ಮಾಡಿದ್ರೂ ಅದು ಬರಲ್ಲ.

ಇಂಗ್ಲಿಷ್ ಪೂರ್ತಿ ಬೇಡ ಅಂತಲ್ಲ. ಬ್ಯಾಂಕಿಂದ, ಬೆಂಗಳೂರಿಂದ ಫೋನ್ ಬರುತ್ತೆ. ಯಾರು ಮಾತಾಡ್ತಿರೋದು, ಯಾವ ವಿಷಯ, ನಂಬರ್ ಕೊಡಿ, ಸರ್ ವಾಪಸ್ ಫೋನ್ ಮಾಡ್ತಾರೆ. ಈ ನಾಲ್ಕು ವಾಕ್ಯ ತಡವರಿಸದೆ ಬಂದ್ರೆ ಸಾಕು. ಕನ್ನಡಿ ಮುಂದೆ ಅಲ್ಲ, ಫೋನ್ ಕಿವಿಗಿಟ್ಟುಕೊಂಡು ಅಭ್ಯಾಸ ಮಾಡು.

ಇನ್ನೊಂದು, ನಂಬರ್ ಬರ್ಕೊಳ್ಳೋದು. ನಗಬೇಡಿ ಯಾರೂ. ನಮ್ಮ ಕಡೆ ಹಿರಿಯರು ಫೋನ್ ನಂಬರು ಕನ್ನಡದಲ್ಲಿ ಜೋಡಿ ಜೋಡಿಯಾಗಿ ಹೇಳ್ತಾರೆ. "ತೊಂಬತ್ನಾಲ್ಕು ನಲವತ್ತೆಂಟು..." ಅಂತ ಶುರು ಆಗುತ್ತೆ, ಹಳೇ ಬಿಎಸ್‌ಎನ್‌ಎಲ್ ಅಲ್ವಾ. ಮಳೆಗಾಲದ ಸಿಗ್ನಲಲ್ಲಿ ಎಪ್ಪತ್ತಾರಕ್ಕೂ ಎಂಬತ್ತಾರಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ನಾನು ಶುರುವಿನಲ್ಲಿ ತಪ್ಪು ಬರ್ಕೊಂಡು, ಸಂಬಂಧವೇ ಇಲ್ಲದ ಭದ್ರಾವತಿಯ ಒಬ್ಬರಿಗೆ ಮೂರು ಸಲ ಫೋನ್ ಮಾಡಿ ಬೈಸ್ಕೊಂಡಿದೀನಿ. ಈಗ ಒಂದೊಂದೇ ಅಂಕಿ ಬಿಡಿಸಿ ವಾಪಸ್ ಓದಿ ಹೇಳ್ತೀನಿ: "ಏಳು, ಆರು, ಸರಿನಾ?" ಅಂತ. ನಮ್ಮಲ್ಲಿ ಇಂಟರ್‌ವ್ಯೂನಲ್ಲೇ ಒಂದು ನಂಬರ್ ಹೇಳಿ ಬರೆಸ್ತಾರೆ. ನೀನು ವಾಪಸ್ ಓದ್ತೀಯಾ ಇಲ್ವಾ ಅಂತ ನೋಡೋದು, ಅಷ್ಟೇ.

ಹಳೇ ಟಪಾಲು · ಸೋಮವಾರ ರಾತ್ರಿ 10:20

ಕೌಂಟರ್ ಅಕ್ಕನವರು ಹೇಳಿದ್ದು ಸರಿ. ನಾನು ನಿವೃತ್ತ, ಮೂವತ್ತು ವರ್ಷ ಕಚೇರಿಯಲ್ಲಿ ಟಪಾಲು ನೋಡಿದವನು. ಮಗಳೇ, ಒಳಬರುವ ಕಾಗದಕ್ಕೊಂದು ರಿಜಿಸ್ಟರು, ಹೊರಹೋಗುವುದಕ್ಕೊಂದು ರಿಜಿಸ್ಟರು ಇರುತ್ತದೆ. ಆಡಿಟರ್ ಬಳಿಗೆ ಜನ ಅಸಲಿ ದಾಖಲೆಗಳನ್ನೇ ತಂದು ಕೊಟ್ಟುಬಿಡುತ್ತಾರೆ: ಪಾಸ್‌ಬುಕ್, ಕ್ರಯಪತ್ರ, ಪಾನ್ ಕಾರ್ಡ್. ಯಾವುದು ಅಸಲು, ಯಾವುದು ಜೆರಾಕ್ಸ್, ಎಷ್ಟು ಹಾಳೆ ಎಂದು ಬರೆದು, ಕೊಟ್ಟವರ ಸಹಿ ಹಾಕಿಸಿಕೊಳ್ಳಬೇಕು. ವಾಪಸ್ ಕೊಡುವಾಗ ಮತ್ತೆ ಸಹಿ. ಎರಡು ವರ್ಷವಾದ ಮೇಲೆ "ನನ್ನ ಕ್ರಯಪತ್ರ ನಿಮ್ಮಲ್ಲೇ ಉಳಿದಿದೆ" ಎಂದು ಯಾರಾದರೂ ಬಂದರೆ ಆ ಒಂದು ಸಹಿಯೇ ನಿನ್ನನ್ನು ಕಾಪಾಡುವುದು.

ಕನ್ನಡ ಟೈಪಿಂಗ್ ಕೇಳಿದರೆ "ನುಡಿಯ ಹಳೇ ಫಾಂಟಾ, ಯೂನಿಕೋಡಾ ಸರ್?" ಎಂದು ಕೇಳು. ಹಳೇ ಫಾಂಟಿನಲ್ಲಿ ಹೊಡೆದ ಪತ್ರವನ್ನು ವಾಟ್ಸಾಪಿಗೆ ಹಾಕಿದರೆ ಬರೀ ಕೊಕ್ಕೆ ಚಿಹ್ನೆಗಳು ಕಾಣುತ್ತವೆ. ಈ ಎರಡರ ವ್ಯತ್ಯಾಸ ಬಲ್ಲವರನ್ನು ಕಚೇರಿಯವರು ಬಿಡುವುದಿಲ್ಲ.

ತುಂಗೆ ದಂಡೆ · ಮಂಗಳವಾರ ಬೆಳಿಗ್ಗೆ 7:15

ಯಪ್ಪಾ, ಇಷ್ಟೆಲ್ಲಾ ಬರೆದಿದೀರಿ, ತುಂಬಾ ಥ್ಯಾಂಕ್ಸ್. ನುಡಿಯ ಕೀಬೋರ್ಡ್ ಬರುತ್ತೆ, ಕಾಲೇಜಲ್ಲಿ ಕಲ್ತಿದ್ದೆ. ರಾತ್ರಿ ಕರೆಂಟ್ ಹೋಗಿತ್ತು, ಈಗ ನೋಡ್ದೆ. ಅಕ್ಕ, ಒಂದು ಕೇಳ್ತೀನಿ. ಒಂದೂವರೆ ವರ್ಷ ಮನೇಲಿದ್ದೆ ಅನ್ನೋದನ್ನ ಹೆಂಗೆ ಹೇಳ್ಲಿ? ಆಮೇಲೆ "ಸರ್ ಇಲ್ಲ ಅಂತ ಹೇಳು ಅಂದ್ರೆ ಏನ್ ಹೇಳ್ತೀಯಾ" ಅಂತ ಕೇಳ್ತಾರಂತೆ, ನನ್ ಫ್ರೆಂಡ್ ಹೇಳಿದ್ಲು.

ಮಂಡಗದ್ದೆ ಹಕ್ಕಿ · ಮಂಗಳವಾರ ಬೆಳಿಗ್ಗೆ 8:02

ಸರ್ ಇಲ್ಲ ಅಂದ್ರೆ ಇಲ್ಲ. ಸಂಬಳ ಕೊಡೋರು ಹೇಳಿದ್ದು ಹೇಳೋದು. ಇದರಲ್ಲಿ ಯೋಚನೆ ಎಂತದು?

ಹಳೇ ಟಪಾಲು · ಮಂಗಳವಾರ ಬೆಳಿಗ್ಗೆ 8:30

ಅದು ಸುಳ್ಳಲ್ಲವೇ? ಸಂಬಳಕ್ಕೆ ಕೈ ಮಾರಬಹುದು, ಬಾಯಿ ಮಾರಬಾರದು.

ಗಾಜನೂರು ಗೇಟು · ಮಂಗಳವಾರ ಬೆಳಿಗ್ಗೆ 8:41

ಸತ್ಯ, ಸುಳ್ಳು ಆಮೇಲೆ ಸ್ವಾಮಿ. ಶಿವಮೊಗ್ಗದಲ್ಲಿ ಸುಳ್ಳು ನಡೆಯಲ್ಲ, ಅದೇ ಕಷ್ಟ. ಫೋನ್ ಮಾಡಿದವನು ಎದುರುಗಡೆ ಬೇಕರಿಯಲ್ಲಿ ನಿಂತು ಸಾರ್ ಕಾರು ನೋಡ್ತಾನೇ ಮಾತಾಡ್ತಿರ್ತಾನೆ. ನೀವು "ಸಾರ್ ಹೊರಗೆ ಹೋಗಿದಾರೆ" ಅಂತೀರಿ. ಅವನು "ಹೌದಾ, ಹಂಗಾರೆ ಚಪ್ಪಲಿ ಬಿಟ್ಟು ಹೋಗಿದಾರಾ?" ಅಂತಾನೆ.

ಕೌಂಟರ್ ಅಕ್ಕ · ಮಂಗಳವಾರ ಮಧ್ಯಾಹ್ನ 1:35

ಊಟಕ್ಕೆ ಬಂದೆ. ಗೇಟು ಅಣ್ಣ ಹೇಳಿದ್ದು ನನಗೇ ಆಗಿದೆ 😂

ನಾನು ಹೇಳೋದು: "ಸರ್ ಈಗ ಮಾತಾಡಕ್ಕೆ ಸಿಗಲ್ಲ. ವಿಷಯ ಹೇಳಿ, ಬರ್ಕೊಂಡು ಅವರ ಟೇಬಲ್ ಮೇಲೆ ಇಡ್ತೀನಿ." ಇದು ಸುಳ್ಳಲ್ಲ, ಸರ್ ಒಳಗಿದಾರೆ ಅಂತ ಒಪ್ಕೊಂಡಂಗೂ ಆಗಲ್ಲ. ನಾಳೆ ನಾಲ್ಕಕ್ಕೆ ಫೋನ್ ಮಾಡ್ತಾರೆ ಅಂತ ಮಾತ್ರ ಹೇಳಬೇಡ, ಸರ್ ಹಾಗೆ ಹೇಳಿಲ್ಲ ಅಂದ್ರೆ. ಮಾತು ಕೊಟ್ಟವಳು ನೀನಾಗ್ತೀಯ, ನಾಲ್ಕು ಗಂಟೆಗೆ ಬೈಸ್ಕೊಳ್ಳೋದೂ ನೀನೇ.

ಮನೇಲಿದ್ದಿದ್ದು ಮುಚ್ಚಿಡೋ ವಿಷಯ ಏನಲ್ಲ. "ಅಮ್ಮನಿಗೆ ಆಪರೇಷನ್ ಆಗಿತ್ತು, ನೋಡ್ಕೊಂಡೆ, ಈಗ ಅವರು ಓಡಾಡ್ತಾರೆ" ಅಂತ ಒಂದೇ ಉಸಿರಲ್ಲಿ ಹೇಳಿ ನಿಲ್ಲಿಸು. "ಈಗ ಓಡಾಡ್ತಾರೆ" ಅನ್ನೋದು ಮುಖ್ಯ, ಅವರಿಗೆ ಬೇಕಾಗಿರೋದು ಅದೇ. ಆಪರೇಷನ್ ಕಥೆ ಪೂರ್ತಿ ಹೇಳಕ್ಕೆ ಹೋಗ್ಬೇಡ. ಆ ಸಮಯದಲ್ಲಿ ಮನೆಯಲ್ಲಿ ಲೆಕ್ಕ ಗಿಕ್ಕ ಬರೆದಿದ್ರೆ ಅದನ್ನೂ ಸೇರಿಸು.

ತುಂಗೆ ದಂಡೆ · ಮಂಗಳವಾರ ಮಧ್ಯಾಹ್ನ 2:10

ಅಡಿಕೆ ಸುಲಿಯೋರ ಲೆಕ್ಕ ನಾನೇ ಬರೀತಿದ್ದೆ ಅಕ್ಕ. ಯಾರು ಎಷ್ಟು ಡಬ್ಬ ಸುಲಿದ್ರು, ಮುಂಗಡ ಎಷ್ಟು, ಬಟವಾಡೆ ಎಷ್ಟು ಅಂತ. ಅದೆಲ್ಲಾ ಹೇಳ್ಬಹುದಾ?

ಕೌಂಟರ್ ಅಕ್ಕ · ಮಂಗಳವಾರ ಮಧ್ಯಾಹ್ನ 2:14

ಹೇಳ್ಬಹುದಾ ಅಂತ ಕೇಳ್ತೀಯಲ್ಲೇ! ಅದನ್ನೇ ಮೊದಲು ಹೇಳು. ಅಷ್ಟು ಜನರ ಹತ್ರ ಬಟವಾಡೆ ದಿನ ಜಗಳ ಆಗದಂಗೆ ಲೆಕ್ಕ ಒಪ್ಪಿಸಿದವಳಿಗೆ ಕೌಂಟರ್ ಯಾವ ಲೆಕ್ಕ.

ನಿಂಗೊಂದು ಪರೀಕ್ಷೆ ಕೊಡ್ತೀನಿ, ಸಂಜೆ ಒಳಗೆ ಇಲ್ಲೇ ಬರೆದು ಉತ್ತರ ಹೇಳು: ಜುಲೈ ತಿಂಗಳು, ಜೋರು ಮಳೆ. ಫೋನ್ ರಿಂಗಾಗ್ತಿದೆ. ಕೊರಿಯರ್ ಹುಡುಗ "ಮೇಡಂ ಬೇಗ ಸೈನ್ ಹಾಕಿ" ಅಂತ ನಿಂತಿದಾನೆ. ಒಬ್ಬರು ಹಿರಿಯರು ಪೂರ್ತಿ ನೆನೆದು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಾಗದ ಹಿಡ್ಕೊಂಡು ಬಾಗಿಲಲ್ಲಿ ನಿಂತಿದಾರೆ. "ನಮ್ಮ ಭಾವನೂ ನಿಮ್ಮಲ್ಲೇ ರಿಟರ್ನ್ ಹಾಕ್ಸೋದು, ಅವರದ್ದು ಆಯ್ತಾ? ಅಡಿಕೆಗೆ ಟ್ಯಾಕ್ಸ್ ಇಲ್ಲ ಅಲ್ವಾ ತಂಗಿ?" ಅಂತ ಕೇಳ್ತಾರೆ. ಏನು ಮಾಡ್ತೀಯ?

ತುಂಗೆ ದಂಡೆ · ಮಂಗಳವಾರ ಸಂಜೆ 6:50

ಮೊದಲು ಅಜ್ಜನ್ನ ಕೂರ್ಸಿ ನೀರು ಕೊಡ್ತೀನಿ. ಕೊರಿಯರಿಗೆ ಸೈನ್ ಹಾಕ್ತೀನಿ. ಆಮೇಲೆ ಫೋನ್ ಎತ್ತಿ ಮಾತಾಡ್ತೀನಿ. ಆಮೇಲೆ ಅಜ್ಜನ ಭಾವನ ಹೆಸರು ಕಂಪ್ಯೂಟರಲ್ಲಿ ನೋಡಿ ಆಯ್ತಾ ಇಲ್ವಾ ಹೇಳ್ತೀನಿ. ಅಡಿಕೆ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ ಅಂತ ಕಾಲೇಜಲ್ಲಿ ಓದಿದ್ದೆ, ಅದನ್ನೂ ಹೇಳ್ತೀನಿ.

ಗಾಜನೂರು ಗೇಟು · ಮಂಗಳವಾರ ಸಂಜೆ 6:58

ಕೆಲಸ ಹೋಯ್ತು 🙏

ಕೌಂಟರ್ ಅಕ್ಕ · ಮಂಗಳವಾರ ರಾತ್ರಿ 8:25

ಪಾಪ ಹೆದರಿಸ್ಬೇಡಿ ಅವಳನ್ನ. ಅರ್ಧ ಸರಿ ಇದೆ.

ನೀರು ಕೊಟ್ಟಿದ್ದು ನಮ್ಮ ಮಲೆನಾಡಿನ ಜಗಲಿ ಬುದ್ಧಿ, ಅದು ಬಿಡಬೇಡ. ಆದ್ರೆ ಫೋನ್ ಕೊನೆಗೆ ಬಿಟ್ಟೆ. ಮೂರು ನಾಲ್ಕು ರಿಂಗಿನ ಒಳಗೆ ಎತ್ತು, ಆಫೀಸ್ ಹೆಸರು ಹೇಳು, "ಒಂದು ನಿಮಿಷ ಇರ್ತೀರಾ" ಅಂತ ಕೇಳಿ ಹೋಲ್ಡ್ ಬಟನ್ ಒತ್ತು. ರಿಸೀವರಿಗೆ ಕೈ ಮುಚ್ಚೋದಲ್ಲ, ಬಟನ್ ಒತ್ತು. ಕೈ ಮುಚ್ಚಿ "ಯಾರೋ ತಲೆ ತಿನ್ನೋರು ಸಾರ್" ಅಂದಿದ್ದು ಆ ಕಡೆಯವರಿಗೆ ಪೂರ್ತಿ ಕೇಳಿಸಿ ನಮ್ಮಲ್ಲಿ ಒಬ್ಬ ಕ್ಲೈಂಟ್ ಹೋಗಿದಾರೆ (ಅಂದವಳು ನಾನಲ್ಲ, ನಾನಲ್ಲ). ಕೊರಿಯರ್ ಕವರ್ ಮೇಲೆ ಯಾರ ಹೆಸರಿದೆ ನೋಡಿ, ಹರಿದಿಲ್ಲ ಅಂತ ನೋಡಿ ಸೈನ್ ಹಾಕು.

ಈಗ ದೊಡ್ಡ ತಪ್ಪು. ಭಾವನದ್ದು ಆಯ್ತಾ ಅಂತ ಹೇಳೋ ಹಂಗೇ ಇಲ್ಲ. ಅವರು ನಮ್ಮ ಕ್ಲೈಂಟ್ ಹೌದೋ ಅಲ್ವೋ ಅನ್ನೋದನ್ನೂ ನೀನು ಹೇಳ್ಬಾರದು. ಬೆಂಗಳೂರಲ್ಲಿ ರಿಸೆಪ್ಷನಿಸ್ಟಿಗೆ ಇದು ಸುಲಭ, ಬಂದೋರು ಯಾರೂ ಪರಿಚಯ ಇರಲ್ಲ. ಇಲ್ಲಿ ಬರೋ ಹತ್ತರಲ್ಲಿ ಆರು ಜನ ನಿನ್ನ ಅಪ್ಪನ್ನ ಬಲ್ಲೋರು. ಅಣ್ಣ ತಮ್ಮ ಪಾಲಾಗಿ ಮಾತು ಬಿಟ್ಟಿರ್ತಾರೆ, ಇಬ್ಬರ ಫೈಲೂ ನಮ್ಮ ಒಂದೇ ಬೀರುವಿನಲ್ಲಿ ಇರುತ್ತೆ. ಭಾವ ಯಾವ ಮಂಡಿಗೆ ಅಡಿಕೆ ಹಾಕಿದಾನೆ, ಸಾಲ ಎಷ್ಟಿದೆ, ಇದೆಲ್ಲಾ ಕೌಂಟರ್ ದಾಟಿ ಹೊರಗೆ ಹೋದ್ರೆ ಸಂಜೆ ಒಳಗೆ ಹೊಸನಗರದವರೆಗೂ ಮುಟ್ಟಿರುತ್ತೆ. ನಮ್ಮ ಸಾರ್ ಇಂಗ್ಲಿಷ್ ಬರದವರನ್ನ ತಗೊಂಡಿದಾರೆ, ಕಂಪ್ಯೂಟರ್ ಬರದವರನ್ನೂ ತಗೊಂಡು ಕಲಿಸಿದಾರೆ. ಬಾಯಿ ನಿಲ್ಲದವರನ್ನ ಮಾತ್ರ ಒಂದೇ ತಿಂಗಳಿಗೆ ಕಳಿಸಿದಾರೆ. "ಅವರದ್ದು ಅವರ ಹತ್ರಾನೇ ಕೇಳ್ಬೇಕು ಅಜ್ಜ, ನಿಮ್ಮದು ಕೊಡಿ ನೋಡೋಣ" ಅನ್ನು. ಬೇಜಾರೂ ಆಗಲ್ಲ, ಮಾತು ನಿಂತೂ ಹೋಗುತ್ತೆ.

ಅಡಿಕೆ ತೆರಿಗೆ ವಿಷಯ ನೀನು ಓದಿದ್ದು ಸರಿ. ಆದ್ರೂ ಕೌಂಟರಲ್ಲಿ ಹೇಳ್ಬೇಡ. ಆ ಅಜ್ಜಂಗೆ ಪೇಟೆಯಲ್ಲಿ ನಾಲ್ಕು ಅಂಗಡಿ ಬಾಡಿಗೆಗೆ ಇರಬಹುದು, ಆಗ ಲೆಕ್ಕವೇ ಬೇರೆ. "ಇಲ್ಲ ಅಂತ ನಿಮ್ಮ ಆಫೀಸಿನ ಹುಡುಗಿ ಹೇಳಿದ್ಲು" ಅಂತ ಮುಂದಿನ ವರ್ಷ ಬರ್ತಾರೆ.

ಸಾಗರದ ಸೊಸೆ · ಮಂಗಳವಾರ ರಾತ್ರಿ 8:50

ಓಟಿಪಿ ವಿಷಯ ಯಾರೂ ಹೇಳಿಲ್ಲ! ರಿಟರ್ನ್ ಹಾಕಿ 30 ದಿನದ ಒಳಗೆ ಇ-ವೆರಿಫೈ, ಅಂದ್ರೆ ಇದು ನಮ್ಮದೇ ಅಂತ ಆನ್‌ಲೈನಲ್ಲಿ ಖಾತ್ರಿ, ಆಗ್ಬೇಕಲ್ಲ. ನಮ್ಮ ಮಾವಂಗೆ ಆಡಿಟರ್ ಆಫೀಸಿಂದ ಫೋನ್ ಬಂತು, "ಆಧಾರ್ ಓಟಿಪಿ ಹೇಳಿ" ಅಂತ. ಮಾವ "ನೀನು ಕಳ್ಳಿ" ಅಂತ ಬೈದು ಕಟ್ ಮಾಡಿದ್ರು.

ಕೌಂಟರ್ ಅಕ್ಕ · ಮಂಗಳವಾರ ರಾತ್ರಿ 9:02

ನಿಮ್ಮ ಮಾವ ಮಾಡಿದ್ದೇ ಸರಿ. ಫೋನಲ್ಲಿ ಓಟಿಪಿ ಕೇಳಿದ್ರೆ ಕೊಡಬೇಡಿ ಅಂತ ಬ್ಯಾಂಕಿನವರು ದಿನಾ ಹೇಳ್ತಾರೆ, ನಾವು ಫೋನ್ ಮಾಡಿ ಕೊಡಿ ಅಂತೀವಿ. ನಾನು ಹಿಂದಿನ ದಿನವೇ ಹೇಳಿಡ್ತೀನಿ: "ನಾಳೆ ಹತ್ತು ಗಂಟೆಗೆ ನಿಮ್ಮ ಕಡತದ ಮೇಲಿರೋ ಆಫೀಸ್ ನಂಬರಿಗೆ ನೀವೇ ಫೋನ್ ಮಾಡಿ, ಆಮೇಲೆ ಓಟಿಪಿ ಕಳಿಸ್ತೀವಿ." ಆಗ ಅವರಿಗೂ ಧೈರ್ಯ. ಇನ್ನೊಂದು ಅನುಕೂಲ, ಸಿಗ್ನಲ್ ಇರೋ ಕಡೆ ಬಂದು ನಿಂತೇ ಫೋನ್ ಮಾಡ್ತಾರೆ. ಇಲ್ಲಾಂದ್ರೆ ಓಟಿಪಿ ಬಂದ ಮೇಲೆ ಗುಡ್ಡ ಹತ್ತಿ ಫೋನ್ ಮಾಡೋ ಹೊತ್ತಿಗೆ ಅದರ ಅವಧಿ ಮುಗಿದಿರುತ್ತೆ.

ಕೊಪ್ಪದ ಕಡೆಯವ · ಮಂಗಳವಾರ ರಾತ್ರಿ 9:40

ಸಂಬಳ ಯಾರೂ ಮಾತಾಡ್ತಿಲ್ಲ. ಕೇಳ್ಬೇಕು ತಂಗಿ, ನಾಚ್ಕೋಬೇಡ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದೆಯಾ ಕೇಳು.

ಹಳೇ ಟಪಾಲು · ಮಂಗಳವಾರ ರಾತ್ರಿ 9:55

ಸಾಮಾನ್ಯವಾಗಿ ಹತ್ತು ಜನರಿದ್ದರೆ ಇಎಸ್‌ಐ, ಇಪ್ಪತ್ತು ಜನರಿದ್ದರೆ ಪಿಎಫ್. ಏಳೆಂಟು ಜನರ ಆಫೀಸಾದರೆ ಎರಡೂ ಇರಲಿಕ್ಕಿಲ್ಲ, ಅದಕ್ಕೆ ಅವರನ್ನು ದೂರಿ ಫಲವಿಲ್ಲ. ಆದರೆ ನೇಮಕಾತಿ ಪತ್ರ ಕೇಳಿ ಪಡೆ. ವಾರಕ್ಕೊಂದು ರಜೆ ನಿನ್ನ ಹಕ್ಕು. ಮತ್ತೊಂದು: ಅಸಲಿ ಅಂಕಪಟ್ಟಿ ತೋರಿಸು, ಕೊಟ್ಟು ಬರಬೇಡ. ಇಟ್ಟುಕೊಳ್ಳುತ್ತೇವೆ ಎಂದವರ ಬಳಿ ಕೆಲಸವೇ ಬೇಡ. ಡೆಪಾಸಿಟ್ಟು, ಯೂನಿಫಾರಂ ದುಡ್ಡು ಎಂದವರ ಬಳಿಯೂ ಅಷ್ಟೇ.

ಮಂಡಗದ್ದೆ ಹಕ್ಕಿ · ಮಂಗಳವಾರ ರಾತ್ರಿ 10:03

ಯುವನಿಧಿ ಬರ್ತಿದ್ರೆ ಕೆಲಸ ಸಿಕ್ಕ ಮೇಲೆ ತಿಳಿಸಿ ನಿಲ್ಲಿಸ್ಬೇಕು ನೆನಪಿಡು. 2024ರ ಜನವರಿ 12ಕ್ಕೆ ನಮ್ಮ ಶಿವಮೊಗ್ಗದಲ್ಲೇ ಅದರ ಕಾರ್ಯಕ್ರಮ ಆಗಿದ್ದಲ್ವಾ, ನಾನೂ ಹೋಗಿದ್ದೆ. ತಿಂಗಳಿಗೆ 3000 ಡಿಗ್ರಿಯವರಿಗೆ.

ತುಂಗೆ ದಂಡೆ · ಬುಧವಾರ ಬೆಳಿಗ್ಗೆ 7:30

ಬರ್ತಿದೆ. ಬಸ್ಸಿಗೂ ಜೆರಾಕ್ಸಿಗೂ ಅದೇ ದುಡ್ಡು 🙂 ನಮ್ಮ ಕಡೆ ಹೆಚ್ಚು ಖಾಸಗಿ ಬಸ್ಸೇ, ಶಕ್ತಿ ಟಿಕೆಟ್ ಅದರಲ್ಲಿ ನಡೆಯಲ್ಲ. ಕೊನೇ ಪ್ರಶ್ನೆ. "ಮದುವೆ ಯಾವಾಗ" ಅಂತ ಕೇಳಿದ್ರೆ?

ಸಾಗರದ ಸೊಸೆ · ಬುಧವಾರ ಬೆಳಿಗ್ಗೆ 8:10

ಕೇಳ್ತಾರೆ. ಕೇಳಬಾರದು, ಆದ್ರೂ ಕೇಳ್ತಾರೆ. ನಾನು ಒಂದು ಕಡೆ ಸಿಟ್ಟಾಗಿ ಎದ್ದು ಬಂದೆ, ಇವತ್ತಿಗೂ ಅದರ ಬಗ್ಗೆ ಬೇಜಾರಿಲ್ಲ.

ಕೌಂಟರ್ ಅಕ್ಕ · ಬುಧವಾರ ಬೆಳಿಗ್ಗೆ 8:30

ಕೆಲವರು ಕೇಳೋದು ಆರು ತಿಂಗಳಿಗೆ ಬಿಟ್ಟು ಹೋಗ್ತಾಳಾ ಅನ್ನೋ ಹೆದರಿಕೆಗೆ. "ಸದ್ಯಕ್ಕೆ ಕೆಲಸವೇ ಯೋಚನೆ ಸರ್" ಅಂತ ನಗ್ತಾ ಹೇಳು. ಮತ್ತೆ ಅದನ್ನೇ ಕೆದಕಿದ್ರೆ ಸಾಗರದ ಸೊಸೆ ಮಾಡಿದ್ದೇ ಸರಿ. ಮೊದಲ ದಿನವೇ ಹಂಗೆ ಕೆದಕೋರು ಆಮೇಲೆ ಸುಮ್ನಿರಲ್ಲ.

ನಾಳೆಗೆ: ಕಾಟನ್ ಚೂಡಿದಾರು ಸಾಕು. ಕಾಗದಕ್ಕೆ ಎರಡು ಪ್ಲಾಸ್ಟಿಕ್ ಕೊಟ್ಟೆ ಇಟ್ಕೋ. ಒಂದು ಬಸ್ ಮುಂಚೆ ಹತ್ತು, ಈ ಮಳೆಗೆ ರಸ್ತೆ ಮೇಲೆ ಮರ ಬಿದ್ರೆ ಗಂಟೆಗಟ್ಟಲೆ ನಿಲ್ತೀಯ. ಬಸ್ ಸ್ಟ್ಯಾಂಡಲ್ಲಿ ಮುಖ ಒರೆಸ್ಕೊಂಡು, ಹತ್ತು ನಿಮಿಷ ಮುಂಚೆ ಒಳಗೆ ಹೋಗು. ಛತ್ರಿ ಹೊರಗೇ ಬಿಡು ಮಾರಾಯ್ತಿ, ನೆಲ ಒರೆಸೋ ಆಂಟಿ ಮೊದಲನೇ ಮಾರ್ಕು ಹಾಕೋದು.

ತುಂಗೆ ದಂಡೆ · ಗುರುವಾರ ರಾತ್ರಿ 9:10

ಹೋಗಿ ಬಂದೆ!! ಮರ ಬಿದ್ದಿರಲಿಲ್ಲ, ಬಸ್ಸೇ ಕೆಟ್ಟು ನಿಂತಿತ್ತು 😭 ಮುಂಚಿನ ಬಸ್ ಹತ್ತಿದ್ದಕ್ಕೆ ಬದುಕಿದೆ, 10:50ಕ್ಕೆ ಮುಟ್ಟಿದೆ.

ಗೇಟು ಅಣ್ಣ, ಮೊದಲನೇ ಪ್ರಶ್ನೆ "ಯಾವ ಊರು", ಎರಡನೇದು "ಯಾರ ಮನೆ". ಅಲ್ಲೇ ನಗು ಬಂದು ಹೋಯ್ತು. ಒಂದು ನಂಬರ್ ಹೇಳಿ ಬರೆಸಿದ್ರು, ವಾಪಸ್ ಓದಿದೆ. ಎಕ್ಸೆಲಲ್ಲಿ ಒಂದು ಪಟ್ಟಿ ಮಾಡ್ಸಿದ್ರು, ಟೋಟಲ್ ತಪ್ಪು ಬಂತು, ಅವರೇ ತೋರಿಸಿದ್ರು. ಇಂಗ್ಲಿಷ್ ಒಂದೇ ಒಂದು ಪ್ರಶ್ನೆ, ಅರ್ಧ ಕನ್ನಡದಲ್ಲೇ ಹೇಳಿದೆ. ಬಟವಾಡೆ ಲೆಕ್ಕದ ಬಗ್ಗೆ ಮಾತ್ರ ತುಂಬಾ ಹೊತ್ತು ಕೇಳಿದ್ರು.

ಆಮೇಲೆ ಸುಮ್ನೆ ಮಾತಾಡ್ತಾ ಮಾತಾಡ್ತಾ ನಮ್ಮೂರಿನ ಒಬ್ಬರ ಹೆಸರು ಹೇಳಿ "ಅವರು ಹೊಸ ಕಾರು ತಗೊಂಡ್ರಂತಲ್ಲ?" ಅಂದ್ರು. ನಾನು "ಹೌದು ಸರ್, ಬಿಳಿ..." ಅಂದುಬಿಟ್ಟೆ. ಅಷ್ಟರಲ್ಲಿ ಅಕ್ಕ ಬರೆದಿದ್ದು ನೆನಪಾಗಿ ನಾಲಿಗೆ ಕಚ್ಕೊಂಡೆ. ಸರ್ ಹಂಗೇ ನೋಡ್ತಾ ಕೂತ್ರು. "ಸಾರಿ ಸರ್, ಅದು ಅವರ ಹತ್ರಾನೇ ಕೇಳ್ಬೇಕು" ಅಂದೆ. ಸರ್ ನಕ್ಕರು. ಆ ನಗು ಒಳ್ಳೇದಾ ಕೆಟ್ಟದ್ದಾ ಗೊತ್ತಾಗ್ಲಿಲ್ಲ. ಶನಿವಾರ ಹೇಳ್ತೀವಿ ಅಂದಿದಾರೆ.

ಹಳೇ ಟಪಾಲು · ಗುರುವಾರ ರಾತ್ರಿ 9:26

ಅರ್ಧಕ್ಕೆ ನಿಲ್ಲಿಸಿದೆಯಲ್ಲ ಮಗಳೇ, ಅದು ಪೂರ್ತಿ ಸುಮ್ಮನಿರುವುದಕ್ಕಿಂತ ಕಷ್ಟ.

ಮಂಡಗದ್ದೆ ಹಕ್ಕಿ · ಗುರುವಾರ ರಾತ್ರಿ 9:30

ಆ ಬಿಳಿ ಕಾರು ಯಾರದ್ದು ಅಂತ ನಂಗೆ ಗೊತ್ತಾಯ್ತು 😄

ತುಂಗೆ ದಂಡೆ · ಶನಿವಾರ ಸಂಜೆ 5:20

ಫೋನ್ ಬಂತು. ಸೋಮವಾರದಿಂದ ಬನ್ನಿ, ಜುಲೈ ಮುಗಿಯೋವರೆಗೆ ನೋಡೋಣ ಅಂದ್ರು. ಸಂಬಳ ನಾನು ಅಂದ್ಕೊಂಡಿದ್ದಕ್ಕಿಂತ ಕಮ್ಮಿ, ಆಗಸ್ಟಿಗೆ ಮತ್ತೆ ಮಾತಾಡೋಣ ಅಂತ ಕೇಳಿದೆ, ಒಪ್ಪಿದ್ರು. ನೇಮಕಾತಿ ಪತ್ರಾನೂ ಕೇಳಿದೆ ಸರ್, ಕೊಡ್ತೀವಿ ಅಂದಿದಾರೆ. ದಿನಾ ಓಡಾಡಕ್ಕೆ ಆಗಲ್ಲ, ಹುಡುಗಿಯರಿಗೆ ಒಳ್ಳೇ ಪಿಜಿ ಇದ್ರೆ ಹೇಳಿ.

ಕೌಂಟರ್ ಅಕ್ಕ · ಶನಿವಾರ ಸಂಜೆ 5:41

ಭೇಷ್! ಪಿಜಿ ವಿಷಯ ನಂಗೆ ಬೇರೆಯಾಗಿ ಮೆಸೇಜ್ ಮಾಡು, ಇಲ್ಲಿ ವಿಳಾಸ ಹಾಕಬೇಡ. ಒಂದು ಒಳ್ಳೇ ಪೆನ್ನು ತಗೊಂಡು ಹೋಗು, ದಾರ ಕಟ್ಟಿ ಇಟ್ಕೋ. ಕೌಂಟರಲ್ಲಿ ಪೆನ್ನು ಉಳಿಯಲ್ಲ.

ಗಾಜನೂರು ಗೇಟು · ಶನಿವಾರ ಸಂಜೆ 6:05

ಅಭಿನಂದನೆ ತಂಗಿ! ಯಾವ ಆಫೀಸು ಅಂತ ಅಂದಾಜಾಯ್ತು, ನಮ್ಮ ಮಾವನೂ ಅಲ್ಲೇ ಹಾಕ್ಸೋದು. ಸೋಮವಾರ ಸ್ವಲ್ಪ ಅವರ ರಿಟರ್ನ್ ಆಗಿದೆಯಾ ನೋಡಿ ಹೇಳ್ತೀಯಾ?

ತುಂಗೆ ದಂಡೆ · ಶನಿವಾರ ಸಂಜೆ 6:07

ಮಾವನ ಹತ್ರಾನೇ ಆಫೀಸ್ ನಂಬರಿಗೆ ಫೋನ್ ಮಾಡ್ಸಿ ಅಣ್ಣ 🙂